ಖಾತೆಯಿಂದ ದುಡ್ಡು ಹೋದಾಗ, ಹೆಸರು ಇನ್ನೊಬ್ಬರ ಕೈಗೆ ಸಿಕ್ಕಾಗ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಂಬಾ ವರ್ಷ ಬ್ಯಾಂಕ್ ಕೌಂಟರ್‌ನಲ್ಲಿ ಕೂತವಳು. ಈಗ ಕೆಲಸದಲ್ಲಿಲ್ಲ. ಆದರೂ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ರಾತ್ರಿ ಹತ್ತಕ್ಕೆ ಬರುವ ವಾಟ್ಸಾಪ್ ಮೆಸೇಜ್‌ಗಳಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ದುಡ್ಡು ಈಗಷ್ಟೇ ಹೋಗಿದ್ದರೆ ಮೊದಲ ಉತ್ತರ ಮಾತ್ರ ಓದಿ, ಫೋನ್ ಮಾಡಿ. ಉಳಿದದ್ದು ಆಮೇಲೆ ನೋಡಬಹುದು.

## ಮೊದಲು ಗೊತ್ತಿರಬೇಕಾದ್ದು

ಮೇಡಂ, ನನ್ನ ಅಕೌಂಟಿಂದ ಈಗಷ್ಟೇ ದುಡ್ಡು ಹೋಯ್ತು. ಏನು ಮಾಡ್ಲಿ?

1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಒಂದೇ ಸೈಬರ್ ಸಹಾಯವಾಣಿ. ನಿಮ್ಮ ಖಾತೆ ಇರುವ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಎಷ್ಟು ಹೋಯಿತು, ಎಷ್ಟು ಗಂಟೆಗೆ ಹೋಯಿತು, ವಹಿವಾಟಿನ ಸಂಖ್ಯೆ ಇವನ್ನು ಕೇಳುತ್ತಾರೆ. ಯುಪಿಐ ಆದರೆ ಆ್ಯಪ್‌ನಲ್ಲಿ 12 ಅಂಕಿಯ ಸಂಖ್ಯೆ ಕಾಣುತ್ತದೆ, ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತಾಡಿ. ಇಷ್ಟು ಅವಸರ ಯಾಕೆ ಅಂದರೆ, ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಇನ್ನೈದಕ್ಕೆ ಹರಿದು ಹಂಚಿಹೋಗಿ, ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ. ಹಾಗೆ ಹೊರಬರುವ ಮೊದಲು ನಿಮ್ಮ ದೂರು ಆ ಬ್ಯಾಂಕಿಗೆ ಮುಟ್ಟಿದರೆ, ಅಲ್ಲಿ ಉಳಿದಷ್ಟು ಹಣವನ್ನು ತಡೆಹಿಡಿಯುತ್ತಾರೆ.

ಅದೇ ಹೊತ್ತಿಗೆ ಮನೆಯ ಇನ್ನೊಬ್ಬರು ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಿಂದ ನೋಡಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರು ತಮ್ಮದೇ ನಂಬರನ್ನು ಬ್ಯಾಂಕಿನ ಹೆಸರಲ್ಲಿ ಹಾಕಿರುತ್ತಾರೆ. 1930 ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಿ. ಮಡಿಕೇರಿಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಪ್ರಕರಣ ನೋಡುವುದು ಅವರೇ. ದೂರ ಆಯಿತು ಅಂದರೆ ಹತ್ತಿರದ ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ದೂರಿನ ಸಂಖ್ಯೆ ಪಡೆಯದೆ ಎದ್ದು ಬರಬೇಡಿ.

ದುಡ್ಡೇನೂ ಹೋಗಿಲ್ಲ, ಬರೀ ಆಧಾರ್ ನಂಬರ್ ಯಾರಿಗೋ ಸಿಕ್ಕಿದೆ. ಇದೂ ಕಳ್ಳತನಾನಾ?

ನಂಬರ್ ಸಿಕ್ಕಿದ್ದಕ್ಕೇ ಖಾತೆ ಖಾಲಿ ಆಗುವುದಿಲ್ಲ, ಅಷ್ಟು ಹೆದರಬೇಡಿ. ಆದರೆ ನಿಮ್ಮ ಹೆಸರು, ಫೋಟೋ, ಆಧಾರ್, ಪ್ಯಾನ್ ಒಟ್ಟಿಗೆ ಸಿಕ್ಕಿದರೆ ಅದರಲ್ಲಿ ಸಿಮ್ ತೆಗೆಯಬಹುದು, ಸಾಲದ ಆ್ಯಪ್‌ನಲ್ಲಿ ಸಾಲ ಎತ್ತಬಹುದು, ಖಾತೆ ತೆರೆದು ಬೇರೆಯವರಿಗೆ ಮೋಸ ಮಾಡಬಹುದು. ಆಗ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮನ್ನು. ಇನ್ನೊಬ್ಬರ ಪಾಸ್‌ವರ್ಡ್, ಡಿಜಿಟಲ್ ಸಹಿ ಅಥವಾ ಇಂಥ ಯಾವುದೇ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ದುಡ್ಡು ಹೋಗುವ ತನಕ ಕಾಯಬೇಕಾಗಿಲ್ಲ.

ನಾನು ಒಟಿಪಿ ಯಾರಿಗೂ ಹೇಳಿಲ್ಲ. ಆದ್ರೂ ಹೇಗೆ ಹೋಯ್ತು?

ಈ ಮಾತು ಹೇಳುವವರಲ್ಲಿ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ಒಟಿಪಿ ನೀವು ಹೇಳಬೇಕೆಂದೇನೂ ಇಲ್ಲ. ವಾಟ್ಸಾಪ್‌ನಲ್ಲಿ ಮದುವೆ ಕಾಗದ ಅಂತಲೋ, ವಾಹನದ ದಂಡದ ಚಲನ್ ಅಂತಲೋ, ಪಿಎಂ ಕಿಸಾನ್ ಪಟ್ಟಿ ಅಂತಲೋ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ. ಅದು ಕಾಗದವಲ್ಲ, ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿ, ಅದು ಕೇಳಿದ ಅನುಮತಿಗೆಲ್ಲ ಸರಿ ಅಂದರೆ ನಿಮ್ಮ ಮೆಸೇಜ್‌ಗಳೆಲ್ಲ ಕಳ್ಳನಿಗೂ ಹೋಗುತ್ತವೆ, ಒಟಿಪಿ ಸೇರಿ. ಕಳಿಸಿದ್ದು ಪರಿಚಯದವರ ನಂಬರಿಂದಲೇ ಇರಬಹುದು, ಯಾಕೆಂದರೆ ಅವರ ಫೋನ್ ಅದಾಗಲೇ ಸಿಕ್ಕಿಬಿದ್ದಿರುತ್ತದೆ.

ಇನ್ನೊಂದು ದಾರಿ ಸ್ಕ್ರೀನ್ ಹಂಚುವ ಆ್ಯಪ್. 'ಸಹಾಯ ಮಾಡ್ತೀವಿ, ಇದನ್ನ ಹಾಕ್ಕೊಳ್ಳಿ' ಅನ್ನುತ್ತಾರೆ, ಆಮೇಲೆ ನಿಮ್ಮ ಪರದೆ ಅವರ ಕಣ್ಣ ಮುಂದೆ. ಮೂರನೆಯದು ನಿಮ್ಮ ಕೈಯಿಂದಲೇ ಏನಾದರೂ ಕೋಡ್ ಒತ್ತಿಸಿ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಳ್ಳುವುದು. ಹಾಗೆ ಆಗಿದೆ ಅನ್ನಿಸಿದರೆ ##002# ಡಯಲ್ ಮಾಡಿ, ತಿರುಗಿಸಿದ ಕರೆಗಳೆಲ್ಲ ರದ್ದಾಗುತ್ತವೆ. ಎಪಿಕೆ ಒತ್ತಿಬಿಟ್ಟಿದ್ದರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ, ಆಮೇಲೆ ಆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ.

ದುಡ್ಡು ಬರೋದಕ್ಕೂ ಯುಪಿಐ ಪಿನ್ ಹಾಕ್ಬೇಕಾ?

ಬೇಡ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಕ್ಯೂಆರ್ ಸ್ಕ್ಯಾನ್ ಮಾಡುವುದೂ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಅಲ್ಲ.

ಮನೆಯವರಿಗೆ ಹೇಳೋಕೆ ನಾಚಿಕೆ ಆಗ್ತಿದೆ. ಸುಮ್ನೆ ಬಿಟ್ಬಿಡ್ಲಾ?

ಬಿಡಬೇಡಿ. ಕೌಂಟರ್‌ನಲ್ಲಿ ಕೂತಾಗ ನನಗೆ ಜಾಸ್ತಿ ಸಂಕಟ ಆಗುತ್ತಿದ್ದುದು ಇದನ್ನು ಕಂಡೇ. ನಮ್ಮದು ಸಣ್ಣ ಜಿಲ್ಲೆ. ಒಬ್ಬರ ಮನೆಯ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. 'ಇಷ್ಟು ಓದಿದವರು ಮೋಸ ಹೋದ್ರಾ' ಅಂತ ಕೇಳಿಸಿಕೊಳ್ಳಬೇಕಲ್ಲ ಎಂದು ಜನ ನಾಲ್ಕು ದಿನ, ಒಂದು ವಾರ ಒಳಗೊಳಗೇ ಇಟ್ಟುಕೊಂಡು ಆಮೇಲೆ ಬರುತ್ತಿದ್ದರು. ಕೈಯಲ್ಲಿ ಪಾಸ್‌ಬುಕ್ ಹಿಡಿದು, ಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳುತ್ತಿದ್ದರು. ಅಷ್ಟರಲ್ಲಿ ದುಡ್ಡು ದಾಟಿಹೋಗಿರುತ್ತಿತ್ತು. ಮೋಸ ಹೋದವರಲ್ಲಿ ಮೇಷ್ಟ್ರು ಇದ್ದರು, ತೋಟದ ಮಾಲೀಕರು ಇದ್ದರು, ನನ್ನ ಜೊತೆ ಕೆಲಸ ಮಾಡಿದವರೂ ಇದ್ದರು. ಇದಕ್ಕೂ ಓದಿಗೂ ಸಂಬಂಧ ಇಲ್ಲ. ಮಕ್ಕಳಿಗೊಂದು ಮಾತು: ಅಪ್ಪ ಅಮ್ಮ ಬಂದು ಹೇಳಿದಾಗ ಆ ಕ್ಷಣಕ್ಕೆ ಬೈಯಬೇಡಿ. ಬೈದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

## ನಮ್ಮ ಕಡೆ ಜಾಸ್ತಿ ನಡೆಯುವುದು

ಆರ್ಮಿ ಆಫೀಸರ್ ಅಂತ ಫೋನ್ ಮಾಡಿ ಹೋಂಸ್ಟೇಲಿ ಹತ್ತು ರೂಮ್ ಕೇಳ್ತಿದ್ದಾರೆ. ನಂಬಬಹುದಾ?

ಅವರು ಮುಂಗಡ ಹೇಗೆ ಕಳಿಸುತ್ತಾರೆ ಅನ್ನುವುದನ್ನು ನೋಡಿ. ನಿಜವಾದ ಅತಿಥಿ ಖಾತೆಗೆ ಹಣ ಹಾಕುತ್ತಾರೆ, ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಬಂದದ್ದು ಕಾಣುತ್ತದೆ, ಮುಗಿಯಿತು. ಮೋಸಗಾರ ಬೇರೆ ಕಥೆ ಹೇಳುತ್ತಾನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಎಲ್ಲ ಕಳಿಸುತ್ತಾನೆ. ಆ ಕಾರ್ಡು ಯಾವುದೋ ನಿಜವಾದ ಸೈನಿಕನಿಂದ ಕದ್ದದ್ದೂ ಆಗಿರಬಹುದು. ಆಮೇಲೆ 'ಸೇನೆಯ ಖಾತೆಯಿಂದ ಹಣ ಹೀಗೇ ಬರೋದು, ಮೊದಲು ನೀವು ಒಂದು ರೂಪಾಯಿ ಕಳಿಸಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುತ್ತಾನೆ. ಯಾವ ಸೇನೆಯ ಖಾತೆಯೂ ಹಾಗೆ ಹಣ ಕೊಡುವುದಿಲ್ಲ.

ಈ ಮೋಸ ನಮ್ಮಲ್ಲಿ ಯಾಕೆ ಇಷ್ಟು ನಡೆಯುತ್ತದೆ ಅಂತ ಯೋಚಿಸಿದ್ದೇನೆ. ಕೊಡಗಿನಲ್ಲಿ ಸೇನೆಯಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು. 'ಜೈ ಹಿಂದ್' ಅಂತ ಆ ಕಡೆಯಿಂದ ಗಟ್ಟಿ ದನಿ ಬಂದರೆ ನಮ್ಮ ಮನಸ್ಸು ತಾನಾಗಿಯೇ ಮೆತ್ತಗಾಗುತ್ತದೆ. ಆ ಗೌರವವನ್ನು ಬಿಡಬೇಕಾಗಿಲ್ಲ. ಕೇಳಿದವನ ಯೂನಿಟ್ ಯಾವುದು, ಎಲ್ಲಿದೆ ಅಂತ ಮನೆಯ ನಿವೃತ್ತ ಸೈನಿಕರೊಬ್ಬರ ಕೈಗೆ ಫೋನ್ ಕೊಟ್ಟು ವಿಚಾರಿಸಲು ಹೇಳಿ. ಎರಡು ನಿಮಿಷದಲ್ಲಿ ಕರೆ ಕಟ್ ಆಗುತ್ತದೆ.

ಪಿಂಚಣಿ ನಿಲ್ಲುತ್ತೆ, ಫೋನಲ್ಲೇ ಲೈಫ್ ಸರ್ಟಿಫಿಕೇಟ್ ಮಾಡ್ಕೊಡ್ತೀವಿ ಅಂದ್ರು ಅಂತ ಅಜ್ಜ ಹೇಳ್ತಿದ್ದಾರೆ.

ಪಿಂಚಣಿದಾರರು ಬದುಕಿದ್ದಾರೆ ಎಂಬ ಈ ಪ್ರಮಾಣಪತ್ರ ಕೊಡುವ ನವೆಂಬರ್ ಹತ್ತಿರ ಬಂತು ಅಂದರೆ ಈ ಕರೆಗಳು ಶುರು. ಕರೆ ಮಾಡಿದವನಿಗೆ ಅಜ್ಜನ ಹೆಸರು, ನಿವೃತ್ತಿಯ ದಿನಾಂಕ, ಪಿಂಚಣಿ ಸಂಖ್ಯೆ ಎಲ್ಲ ಗೊತ್ತಿರಬಹುದು. ಅಷ್ಟು ಗೊತ್ತಿದೆ ಅಂದಮಾತ್ರಕ್ಕೆ ಕಚೇರಿಯವನಲ್ಲ. ಪಿಂಚಣಿ ಕಚೇರಿಯಾಗಲಿ, ಸೇನಾ ಪಿಂಚಣಿ ನೋಡುವ ಸ್ಪರ್ಶ್ ವ್ಯವಸ್ಥೆಯಾಗಲಿ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು, ಮೊಮ್ಮಕ್ಕಳು ಪಕ್ಕದಲ್ಲಿ ಕೂತರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ, ಅಥವಾ ಅಂಚೆ ಕಚೇರಿಯಲ್ಲಿ ಹೇಳಿದರೆ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೇವೆ ಇದೆ, ಅದಕ್ಕೆ ಸ್ವಲ್ಪ ಶುಲ್ಕ ಇರುತ್ತದೆ.

ಅಪ್ಪನನ್ನ ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡಿದ್ದೀವಿ ಅಂತಾರೆ. ಫೋನ್ ಇಡಬಾರದಂತೆ!

ಫೋನ್ ಕಿತ್ತುಕೊಂಡು ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಎನ್ನುವುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋ ಮಾತಿನಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್‌ನಲ್ಲಿ ಅಕ್ರಮ ಖಾತೆ ಇದೆ ಅಂತ ಶುರು ಮಾಡಿ, ಹಿಂದೆ ಠಾಣೆಯ ಹಾಗೆ ಕಾಣುವ ಗೋಡೆ ಇಟ್ಟು, 'ತನಿಖೆ ಮುಗಿಯುವ ತನಕ ಹಣವನ್ನು ಸರ್ಕಾರಿ ಖಾತೆಗೆ ಹಾಕಿ' ಅನ್ನುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ದೊಡ್ಡ ತೋಟದ ಮನೆಯಲ್ಲಿ ಹಿರಿಯರಿಬ್ಬರೇ ಇರುವುದು ನಮ್ಮಲ್ಲಿ ಎಷ್ಟು ಕಡೆ ಇಲ್ಲ ಹೇಳಿ. ಯಾರಿಗೂ ಹೇಳಬೇಡ ಅನ್ನುವ ಆಜ್ಞೆ ಅಲ್ಲಿ ಚೆನ್ನಾಗಿ ನಾಟುತ್ತದೆ. ಆದ್ದರಿಂದ ಪಕ್ಕದ ಮನೆಯವರಿಗೆ, ತೋಟದ ಲೆಕ್ಕ ನೋಡುವ ರೈಟರ್‌ಗೆ ಮೊದಲೇ ಹೇಳಿಡಿ: ಅಪ್ಪ ಅರ್ಧ ದಿನ ಬಾಗಿಲು ಹಾಕಿಕೊಂಡು ಫೋನಲ್ಲೇ ಇದ್ದರೆ ಒಳಗೆ ಹೋಗಿ ನೋಡಿ ಅಂತ.

ಮಳೆಗಾಲದಲ್ಲಿ ನೆಟ್‌ವರ್ಕೇ ಇರಲ್ಲ. ಸಿಮ್ ಕದ್ದಿದ್ದಾರಾ, ಟವರ್ ಹೋಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಒಳ್ಳೆಯ ಪ್ರಶ್ನೆ, ಬಯಲುಸೀಮೆಯವರಿಗೆ ಇದು ಹೊಳೆಯುವುದೂ ಇಲ್ಲ. ಸಿಮ್ ಸ್ವಾಪ್ ಅಂದರೆ ನಿಮ್ಮ ಹೆಸರಲ್ಲಿ ಸುಳ್ಳು ದಾಖಲೆ ಕೊಟ್ಟು, ಸಿಮ್ ಕಳೆದಿದೆ ಅಂತ ಹೇಳಿ, ಅದೇ ನಂಬರಿನ ಹೊಸ ಸಿಮ್ ಪಡೆಯುವುದು. ಆಗ ನಿಮ್ಮ ಸಿಮ್ ಸತ್ತುಹೋಗುತ್ತದೆ. ಊರಲ್ಲಿ ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರ ಫೋನ್ ನೋಡಿ. ಅವರಿಗೂ ಸಿಗ್ನಲ್ ಇಲ್ಲದಿದ್ದರೆ ಟವರ್ ಹೋಗಿದೆ. ಅವರಿಗೆ ಇದ್ದು ನಿಮಗೆ ಮಾತ್ರ ಇಲ್ಲದಿದ್ದರೆ ಕಾಯಬೇಡಿ, ಅವರ ಫೋನಿಂದಲೇ ಸಿಮ್ ಕಂಪನಿಗೆ ಕೇಳಿ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಕರೆಂಟ್ ದಿನಗಟ್ಟಲೆ ಹೋದಾಗ ಬ್ಯಾಂಕಿನ ಮೆಸೇಜ್ ಒಟ್ಟಿಗೆ ತಡವಾಗಿ ಬಂದು ಬೀಳುತ್ತದೆ. ಅದಕ್ಕೇ ಬ್ಯಾಂಕಿನಲ್ಲಿ ಇಮೇಲ್ ಕೂಡ ಕೊಟ್ಟಿಡಿ, ದೂರದ ಊರಿನಲ್ಲಿರುವ ಮಗನೋ ಮಗಳೋ ಅದನ್ನು ನೋಡುತ್ತಿರಲಿ. ಜೂನ್‌ಗೆ ಮೊದಲೇ ಯುಪಿಐ ಮಿತಿಯನ್ನು ಆ್ಯಪ್‌ನಲ್ಲಿ ಕಡಿಮೆ ಮಾಡಿಡುವುದು ನನ್ನ ಅಭ್ಯಾಸ.

ಬರೀ ಬೆರಳಚ್ಚಿಂದ ದುಡ್ಡು ತೆಗೀತಾರಂತೆ, ಹೌದಾ?

ಹೌದು. ಆಧಾರ್ ಆಧಾರಿತ ಪಾವತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಹಣ ಬರುತ್ತದೆ. ಒಟಿಪಿ ಇಲ್ಲ, ಪಿನ್ ಇಲ್ಲ. ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಹಿರಿಯರು, ತೋಟದ ಲೈನ್ ಮನೆಯ ಕಾರ್ಮಿಕರು ಹಣ ತೆಗೆಯುವುದು ಹೀಗೇ. ಬಡವರಿಗೆ ನಿಜಕ್ಕೂ ಉಪಕಾರದ ವ್ಯವಸ್ಥೆ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೆ ಹಣ ಹೋಯಿತೆಂದು ದೂರುಗಳು ಬಂದವು. ನೋಂದಣಿ ಪತ್ರದ ಮೇಲಿನ ಬೆರಳಚ್ಚನ್ನೇ ನಕಲು ಮಾಡಿದ್ದಾರೆ ಎಂಬ ಅನುಮಾನ ಇತ್ತು.

ಪರಿಹಾರ ಬಯೋಮೆಟ್ರಿಕ್ ಲಾಕ್, ಅಂದರೆ ನಿಮ್ಮ ಬೆರಳಚ್ಚನ್ನು ಯಾರೂ ಬಳಸದ ಹಾಗೆ ಬೀಗ ಹಾಕುವುದು. ಮೈಆಧಾರ್ ವೆಬ್‌ಸೈಟ್‌ನಲ್ಲಿ ಅಥವಾ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಮಾಡಬಹುದು, ಖರ್ಚಿಲ್ಲ. ಲಾಕ್ ಮಾಡಿದ ಮೇಲೆ ರೇಷನ್ ಅಂಗಡಿಯಲ್ಲೂ ಬೆರಳು ತಗೊಳ್ಳುವುದಿಲ್ಲ ಎನ್ನುವುದು ನೆನಪಿರಲಿ, ಹೋಗುವ ಮೊದಲು ತೆರೆದು, ಬಂದ ಮೇಲೆ ಮುಚ್ಚಬೇಕು. ಎಲ್ಲಿ ಯಾವಾಗ ನಿಮ್ಮ ಆಧಾರ್ ಬಳಕೆ ಆಯಿತು ಎಂಬ ಇತಿಹಾಸವೂ ಅಲ್ಲೇ ಸಿಗುತ್ತದೆ. ಬ್ಯಾಂಕ್ ಮಿತ್ರರ ಹತ್ತಿರ 'ಸರ್ವರ್ ಇಲ್ಲ, ಇನ್ನೊಂದ್ಸಲ ಬೆರಳಿಡಿ' ಅಂದರೆ ಮೊದಲ ಸಲದ ರಸೀದಿ ಕೇಳಿ.

## ಕಾಗದಪತ್ರ, ಸಿಮ್, ಸಾಲ

ಆಧಾರ್ ಜೆರಾಕ್ಸ್ ಕಂಡಕಂಡಲ್ಲಿ ಕೊಟ್ಟಿದ್ದೀನಿ. ಈಗೇನು ಮಾಡೋದು?

ಕೊಟ್ಟದ್ದನ್ನು ವಾಪಸ್ ತರಲು ಆಗುವುದಿಲ್ಲ. ಇನ್ನು ಮುಂದೆ ಮಾಸ್ಕ್ ಮಾಡಿದ ಆಧಾರ್ ಕೊಡಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಅಡ್ಡಲಾಗಿ ಯಾರಿಗೆ, ಯಾತಕ್ಕೆ, ಯಾವ ದಿನ ಕೊಟ್ಟಿದ್ದು ಅಂತ ಬರೆದು ಸಹಿ ಹಾಕಿ. ಹೋಂಸ್ಟೇ ನಡೆಸುವವರು ಅತಿಥಿಗಳ ಕಾರ್ಡಿನ ಫೋಟೋಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅವರ ಗುರುತೂ ನಮ್ಮ ಜವಾಬ್ದಾರಿ ಅಲ್ವಾ.

ನನ್ನ ಹೆಸರಲ್ಲಿ ಬೇರೆ ಯಾರಾದ್ರೂ ಸಿಮ್ ತಗೊಂಡಿದ್ದಾರಾ ಅಂತ ನೋಡೋದು ಹೇಗೆ?

ಸಂಚಾರ್ ಸಾಥಿ ಎಂಬ ದೂರಸಂಪರ್ಕ ಇಲಾಖೆಯ ಪೋರ್ಟಲ್‌ನಲ್ಲಿ. 2023ರಿಂದ ಇದೆ. ನಿಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ ನಿಮ್ಮ ಹೆಸರಿನ ಎಲ್ಲ ನಂಬರುಗಳೂ ಕಾಣುತ್ತವೆ. ನಿಮ್ಮದಲ್ಲದ್ದನ್ನು 'ನನ್ನದಲ್ಲ' ಅಂತ ಗುರುತು ಮಾಡಿ. ಫೋನ್ ಕಳೆದುಹೋದರೆ ಅದನ್ನು ಬ್ಲಾಕ್ ಮಾಡುವುದೂ ಅಲ್ಲೇ. ಕೆಲಸಕ್ಕೆ ಬಂದವರಿಗೆ ಪಾಪ ಅಂತ ನಿಮ್ಮ ಆಧಾರ್‌ನಲ್ಲಿ ಸಿಮ್ ತೆಗೆದುಕೊಟ್ಟಿದ್ದರೆ ಅದನ್ನು ಅವರದೇ ಹೆಸರಿಗೆ ಮಾಡಿಸಿ.

ನಾನು ತಗೊಳ್ಳದ ಸಾಲಕ್ಕೆ ವಸೂಲಿಯವರು ಫೋನ್ ಮಾಡ್ತಿದ್ದಾರೆ!

ಮೊದಲನೆಯದಾಗಿ, ಬಾಯಿ ಮುಚ್ಚಿಸಲು ಅಂತ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡ ಹಾಗೆ ವಾದಿಸುತ್ತಾರೆ. ನಿಮ್ಮ ಕ್ರೆಡಿಟ್ ವರದಿ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಯಾವ ಸಾಲ, ಯಾವ ಕಂಪನಿ, ಯಾವ ದಿನ ಅನ್ನುವುದು ಅದರಲ್ಲಿ ಸಿಗುತ್ತದೆ. ಪೊಲೀಸ್ ದೂರಿನ ಪ್ರತಿ ಸೇರಿಸಿ ಸಾಲ ಕೊಟ್ಟ ಕಂಪನಿಗೂ ವರದಿಯ ಸಂಸ್ಥೆಗೂ ಬರೆಯಿರಿ. ಯಾವ ಖಾತೆಗೆ ಹಣ ಹಾಕಿದಿರಿ, ಯಾವ ಫೋಟೋ ನೋಡಿ ಸಾಲ ಕೊಟ್ಟಿರಿ ಅಂತ ಕೇಳಿ, ಆ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರುವುದಿಲ್ಲ. ದೂರು ಕೊಟ್ಟ 30 ದಿನದಲ್ಲಿ ಅವರು ವರದಿಯನ್ನು ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಇದೆ. ಕಾಫಿ ಬೆಳೆಗಾರರಿಗೆ ಇದು ಸಣ್ಣ ವಿಷಯ ಅಲ್ಲ. ಬೆಳೆ ಸಾಲಕ್ಕೆ ಹೋದಾಗ ಸಿಬಿಲ್ ಕೆಟ್ಟಿದೆ ಅಂತ ಆಗಲೇ ಗೊತ್ತಾದರೆ ಆ ವರ್ಷದ ಗೊಬ್ಬರಕ್ಕೂ ತೊಂದರೆ. ಅದಕ್ಕೇ ವರ್ಷಕ್ಕೊಮ್ಮೆ, ಹುತ್ತರಿ ಕಳೆದ ಮೇಲೆ ಅಂತ ಇಟ್ಟುಕೊಂಡು, ಒಮ್ಮೆ ನೋಡಿಬಿಡಿ.

## ಹಣ ವಾಪಸ್ ಬರುವ ದಾರಿ

ಹೋದ ದುಡ್ಡನ್ನ ಬ್ಯಾಂಕ್ ಕೊಡ್ಲೇಬೇಕಾ?

ಹೇಗೆ ಹೋಯಿತು, ಎಷ್ಟು ಬೇಗ ತಿಳಿಸಿದಿರಿ ಎರಡರ ಮೇಲೂ ಇದೆ. ಆರ್‌ಬಿಐ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದಾದರೆ ಪೂರ್ತಿ ನಷ್ಟ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಆಗಿದ್ದು ಅಂದರೆ, ಬ್ಯಾಂಕಿನ ಮೆಸೇಜ್ ನಿಮಗೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೂ ನಿಮಗೆ ನಷ್ಟವಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ ನಿಮ್ಮ ಮೇಲೆ ಬೀಳುತ್ತದೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ. ಲೆಕ್ಕ ಮೆಸೇಜ್ ಬಂದ ದಿನದಿಂದ. ನೆಟ್‌ವರ್ಕ್ ಇಲ್ಲದೆ ತಡವಾಗಿ ಬಂದಿದ್ದರೆ ಆ ಮೆಸೇಜ್ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪಿನ್ ಅಥವಾ ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ತಪ್ಪು ನಿಮ್ಮದೇ ಆಗಿದ್ದರೂ ತಿಳಿಸಿದ ಗಂಟೆ ಮುಖ್ಯ.

ಬ್ಯಾಂಕಿನವರು 'ನೀವೇ ಒಟಿಪಿ ಕೊಟ್ಟಿರಬೇಕು' ಅಂತ ಕೈ ತೊಳ್ಕೊಂಡ್ರು.

ಅದನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಅದೇ ಸುತ್ತೋಲೆಯಲ್ಲಿ ಹಾಗೆ ಬರೆದಿದೆ. ಬಾಯಿಮಾತಿನಲ್ಲಿ ಜಗಳ ಬೇಡ, ಬರೆದುಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಾನು ಆ ಕಡೆ ಕೂತಿದ್ದವಳಾಗಿ ಹೇಳುತ್ತಿದ್ದೇನೆ, ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡದೆ ಇರಲು ಆಗುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಿ. ವಕೀಲರು ಬೇಡ, ಶುಲ್ಕ ಇಲ್ಲ. ಹೇಗೆ ಅಂತ ಕೇಳಲು 14448 ನಂಬರ್ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮಾತ್ರ ಈ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಸಹಕಾರ ಇಲಾಖೆಗೆ ಹೋಗಬೇಕು.

ಹಣ ತಡೆಹಿಡಿದಿದ್ದಾರಂತೆ. ನನ್ನ ಕೈಗೆ ಯಾವಾಗ ಬರುತ್ತೆ?

ತಡೆಹಿಡಿಯುವುದು ಬೇಗ, ಬಿಡಿಸುವುದು ನಿಧಾನ. ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಎಫ್‌ಐಆರ್ ಆಗಿದೆಯಾ ಅಂತ ಮೊದಲು ನೋಡಿ, ಪೋರ್ಟಲ್‌ನ ದೂರಿನ ಸಂಖ್ಯೆಯೇ ಎಫ್‌ಐಆರ್ ಅಲ್ಲ. ತನಿಖಾಧಿಕಾರಿಯಿಂದ ಯಾವ ಬ್ಯಾಂಕಿನಲ್ಲಿ ಎಷ್ಟು ನಿಂತಿದೆ ಅಂತ ಬರೆಸಿಕೊಂಡು, ಆ ಹಣ ಬಿಡುಗಡೆಗೆ ಅರ್ಜಿ ಹಾಕಬೇಕು. ವಕೀಲರ ಖರ್ಚಿಗೆ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಕರಿಮೆಣಸು ಮಾರಿದ ದುಡ್ಡು ಬಂತು, ಆಮೇಲೆ ನನ್ನ ಅಕೌಂಟೇ ಫ್ರೀಜ್ ಆಯ್ತು. ನಾನೇನು ತಪ್ಪು ಮಾಡಿದೆ?

ನೀವು ತಪ್ಪು ಮಾಡಿಲ್ಲದಿರಬಹುದು. ಕೊಂಡವನು ಕೊಟ್ಟ ಹಣ ಎಲ್ಲೋ ಕದ್ದದ್ದಾಗಿದ್ದರೆ, ಅದು ಮುಟ್ಟಿದ ಖಾತೆಗಳನ್ನೆಲ್ಲ ತಡೆಯುತ್ತಾರೆ. ಯಾವ ರಾಜ್ಯದ ಯಾವ ಠಾಣೆಯಿಂದ, ಯಾವ ದೂರಿನ ಮೇಲೆ ಸೂಚನೆ ಬಂದಿದೆ ಅಂತ ಬ್ಯಾಂಕಿನಿಂದ ಪಡೆಯಿರಿ. ತೂಕದ ಚೀಟಿ, ಬಿಲ್, ಕೊಂಡವನ ಜೊತೆಗಿನ ಮೆಸೇಜ್‌ಗಳನ್ನು ಆ ಠಾಣೆಗೆ ಕಳಿಸಿ. ಇಡೀ ಖಾತೆ ಬೇಡ, ಅನುಮಾನದ ಮೊತ್ತವನ್ನಷ್ಟೇ ತಡೆಯಿರಿ ಎಂದು ಬರವಣಿಗೆಯಲ್ಲಿ ಕೇಳಿ. ಇದಕ್ಕೇ ಹೇಳುವುದು, ಚೀಟಿ ಇಲ್ಲದೆ ಗೊತ್ತಿಲ್ಲದವರಿಗೆ ಮೂಟೆ ಎತ್ತಿಕೊಡಬೇಡಿ ಅಂತ.

ಕಾಲೇಜು ಹುಡುಗರದು ಬೇರೆ ಕಥೆ. 'ನಿನ್ನ ಅಕೌಂಟ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ' ಅಂದವರಿಗೆ ಎಟಿಎಂ ಕಾರ್ಡು, ಸಿಮ್ಮು ಕೊಟ್ಟುಬಿಡುತ್ತಾರೆ. ಆ ಖಾತೆಯಲ್ಲೇ ಇನ್ಯಾರದೋ ಅಜ್ಜಿಯ ದುಡ್ಡು ಹಾದುಹೋಗುತ್ತದೆ. ಆಗ ಆ ಹುಡುಗನೂ ಆರೋಪಿ. ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳಿ.

ಕಳೆದ ದುಡ್ಡು ಕೊಡಿಸ್ತೀವಿ, ಸ್ವಲ್ಪ ಫೀಸ್ ಕಟ್ಟಿ ಅಂತ ಒಬ್ರು ಫೋನ್ ಮಾಡಿದ್ರು. ಕಟ್ಲಾ?

ಕಟ್ಟಬೇಡಿ. ಅದೂ ಅವರೇ. ಒಮ್ಮೆ ಮೋಸ ಹೋದವರ ಪಟ್ಟಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಪೊಲೀಸರಾಗಲಿ, 1930ರವರಾಗಲಿ, ಒಂಬುಡ್ಸ್‌ಮನ್ ಆಗಲಿ ಹಣ ವಾಪಸ್ ಕೊಡಿಸಲು ಹಣ ಕೇಳುವುದಿಲ್ಲ. ಆ ನಂಬರನ್ನು ಬರೆದುಕೊಂಡು ನಿಮ್ಮ ಹಳೆಯ ದೂರಿಗೆ ಸೇರಿಸಿ. ತನಿಖೆಗೆ ಅದು ಹೊಸ ಸುಳಿವಾಗಬಹುದು.